ಬಂಡೆ ಹಿಂದಿನ ವ್ಯೂ ಪಾಯಿಂಟು

ನಂಬಬೇಡಿ. ತಾಕತ್ತಿದ್ರೆ ನಂಬದೇ ಇರಿ, ನೋಡೇಬಿಡೋಣ. ನಮ್ಮನೆಯವಳು ಮದುವೆಯಾದಾಗಿಂದ ನಾನು ಹೇಳಿದ ಒಂದು ಮಾತೂ ನಂಬಿಲ್ಲ, ಆದ್ರೂ ಪ್ರತಿ ಸಲ ಪೂರ್ತಿ ಕೇಳಿಸ್ಕೊಂಡೇ ಏಳ್ತಾಳೆ. ನೀವೂ ಅಷ್ಟೇ ಮಾಡ್ತೀರ. ಇದ್ರಲ್ಲಿ ಒಂದೇ ಒಂದು ವಿಷ್ಯ ನಾನು ಕಟ್ಟಿದ್ದು. ಯಾವ್ದು ಅಂತ ಕೊನೇಲಿ ನಾನೇ ಹೇಳ್ತೀನಿ. ಅಲ್ಲೀತನಕ ಹುಡುಕ್ತಾ ಇರಿ.

ದೊಡ್ಡಬಳ್ಳಾಪುರ ದಾಟಿದ್ಮೇಲೆ ರೈಲು ಹಳಿ ಪಕ್ಕದಲ್ಲೇ ಮಾಕಳಿದುರ್ಗ ಅಂತ ಬೆಟ್ಟ ಇದೆ. ಅರ್ಧ ಬೆಟ್ಟ ಹತ್ತಿದ್ರೆ ಎಡಗಡೆ ಒಂದು ದೊಡ್ಡ ಬಂಡೆ. ಹತ್ತೋಕೆ ಬರೋ ಹುಡುಗ್ರು ದಾರಿ ಬಿಟ್ಟು ಆ ಬಂಡೆ ಹಿಂದಕ್ಕೆ ಹೋಗಿ, ಸ್ವಲ್ಪ ಹೊತ್ತು ಸುಮ್ನೆ ನಿಂತು, ವಾಪಸ್ ದಾರಿಗೆ ಬರ್ತಾರೆ. ಅಲ್ಲಿ ನೋಡೋಕೆ ಏನೂ ಇಲ್ಲ. ಒಂದು ಕತ್ತಾಳೆ ಪೊದೆ ಇದೆ, ಅಷ್ಟೇ. ಆದ್ರೂ ಹೋಗ್ತಾರೆ. ಅವರನ್ನೆಲ್ಲ ಅಲ್ಲಿಗೆ ಕಳಿಸ್ತಿರೋನು ನಾನು, ಯಲಹಂಕದಲ್ಲಿ ಮನೇಲಿ ಕಾಫಿ ಕುಡೀತಾ ಕೂತ್ಕೊಂಡು.

ಹೇಗೆ ಅಂತ ಹೇಳ್ಬೇಕು ಅಂದ್ರೆ ಮೊದ್ಲು ನಮ್ಮ ಬೀಗರ ವಿಷ್ಯ ಹೇಳ್ಬೇಕು. ನನ್ನ ಮಗಳನ್ನ ಕೊಟ್ಟಿರೋದು ಆರ್.ಟಿ. ನಗರಕ್ಕೆ. ಅಳಿಯನ ಅಪ್ಪ, ಅಂದ್ರೆ ನಮ್ಮ ಬೀಗರು, ಯಶವಂತಪುರದಲ್ಲಿ ರೈಲು ಡ್ರೈವರ್ ಆಗಿ ರಿಟೈರ್ ಆದವರು. ನಾನು ಯಲಹಂಕದಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟಿದ್ದವನು. ಊರಿನ ಯಾವ ಮಹಡಿ ಮೇಲೆ ಯಾವ ಆಂಟೆನಾ ಯಾವ ದಿಕ್ಕಿಗೆ ತಿರುಗಿತ್ತು ಅಂತ ಈಗ ಕೇಳಿದ್ರೂ ಹೇಳ್ತೀನಿ. ಹೆಣ್ಣು ಕೊಟ್ಟವರು ತಲೆ ತಗ್ಗಿಸ್ಕೊಂಡು ಇರ್ಬೇಕು ಅಂತಾರಲ್ಲ, ನಾನು ಬೀಗರೂಟದ ದಿನವೇ ಹತ್ತಿ ಹಾಕಿ ಕರಿಸಿದ್ದ ಬೋಂಡಾನ ಅವರ ಎಲೆಗೆ ಬಡಿಸಿದೆ. ಪಂಕ್ತಿಗೆ ಪಂಕ್ತಿನೇ ಬಾಯಿ ಮುಚ್ಕೊಂಡು ನಗು ತಡೀತಾ ಇತ್ತು. ಅವರು ನಿಧಾನಕ್ಕೆ ಅಗೆದ್ರು, ಅಗೆದ್ರು, ನುಂಗೇಬಿಟ್ರು. ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಂಚೂರು ಬೇಯ್ಬೇಕಿತ್ತು ಬೀಗ್ರೇ" ಅಂದ್ರು.

ಅವತ್ತೇ ಅನ್ಕೊಂಡೆ, ಈ ಮನುಷ್ಯನ್ನ ಬಿಡಬಾರ್ದು ಅಂತ.

ಅವರಿಗೆ ಒಂದೇ ಒಂದು ಆಸೆ ಇತ್ತು. ಗಾಡಿ ಓಡಿಸ್ತಿದ್ದಷ್ಟು ವರ್ಷವೂ ಮಾಕಳಿದುರ್ಗದ ಬುಡದಲ್ಲಿ ಆ ದೊಡ್ಡ ತಿರುವಲ್ಲಿ ಹೋಗ್ತಾ ಬರ್ತಾ ಇದ್ದವರು, ಒಂದು ದಿನವೂ ಬೆಟ್ಟ ಹತ್ತಿರ್ಲಿಲ್ಲ. "ಇಷ್ಟು ವರ್ಷ ಆ ಬೆಟ್ಟ ನನ್ನ ನೋಡಿದೆ ಬೀಗ್ರೇ. ಮೇಲಿಂದ ನಾನು ಹೆಂಗೆ ಕಾಣ್ತಿದ್ದೆ ಅಂತ ಒಂದ್ಸಲ ನೋಡ್ಬೇಕು" ಅಂತಿದ್ರು.

ರಿಟೈರ್ ಆಗಿದ್ದೇ ತಡ, ಒಬ್ಬರೇ ಹೋದ್ರು. ದಾರಿ ತಪ್ಪಿದ್ರು. ತಪ್ಪದೇ ಇನ್ನೇನು? ಜೀವನ ಪೂರ್ತಿ ಸ್ಟೇರಿಂಗ್ ಇಲ್ಲದ ಗಾಡಿ ಓಡಿಸಿದ ಮನುಷ್ಯ. ಎಡಕ್ಕೋ ಬಲಕ್ಕೋ ಅಂತ ಒಂದ್ಸಲವೂ ಯೋಚ್ನೆ ಮಾಡಿದವರಲ್ಲ. ಬೆಟ್ಟದಲ್ಲಿ ದಾರಿ ಎರಡಾಗಿ ಒಡೆದಿರೋ ಕಡೆ ನಿಂತ್ಕೊಂಡು, ಯಾರೋ ಬಂದು ಹಳಿ ತಿರುಗಿಸಿ ಕೊಡ್ತಾರೆ ಅಂತ ಕಾದ್ರೋ ಏನೋ. ಆಮೇಲೆ ಅಗಲವಾಗಿ ಕಂಡಿದ್ದೇ ಮೈನ್ ಲೈನು ಅಂತ ಹಿಡಿದ್ರು. ಅದು ಮೇಕೆ ದಾರಿ. ಬೆಟ್ಟದ ಆಚೆ ಮಗ್ಗುಲಿಗೆ ಇಳಿದು, ಫೋನ್ ಸತ್ತು, ಕೊನೆಗೆ ಒಂದು ಹಾಲಿನ ವ್ಯಾನಲ್ಲಿ ಕ್ಯಾನ್‌ಗಳ ಮಧ್ಯೆ ಕೂತು ಊರು ಸೇರಿದ್ರು. ಬೀಪಿ ಇರೋ ಮನುಷ್ಯ. ಅಷ್ಟರಲ್ಲಿ ಬೀಗಿತ್ತಿ ದೇವರ ಮನೇಲಿ ಕೂತ್ಕೊಂಡು ದೇವರನ್ನೇ ಬೈದು ಮುಗಿಸಿದ್ರಂತೆ. ಮಾರನೇ ದಿನ ಅವರ ಶೂ ಅಟ್ಟಕ್ಕೆ ಹೋಯ್ತು. "ಇನ್ಮೇಲೆ ಪಾರ್ಕು, ಪಾರ್ಕಾದ್ಮೇಲೆ ಮನೆ."

ಬೀಗರು ಎದುರು ಮಾತಾಡ್ಲಿಲ್ಲ. ಪಾರ್ಕಲ್ಲಿ ಗಾಣದೆತ್ತಿನ ಥರ ಸುತ್ತು ಹಾಕ್ತಿದ್ರು. ಸೊರಗಿಬಿಟ್ರು. ಅದನ್ನ ನೋಡೋಕಾಗದೆ ಅಳಿಯ ಒಂದು ಜಿಪಿಎಸ್ ತಂದುಕೊಟ್ಟ. ಹೆಬ್ಬಾಳದಿಂದಾಚೆ ಏರ್‌ಪೋರ್ಟ್ ರಸ್ತೆ ಮೇಲೆ ಕಂಬ ನಿಲ್ಲಿಸಿ ಇನ್ನೊಂದು ರಸ್ತೆ ಕಟ್ತಾ ಇದ್ದ ಕಾಲ ಅದು. ಫೋನಲ್ಲೇ ದಾರಿ ನೋಡೋದು ಇನ್ನೂ ನಮ್ಮಂಥವರ ಕೈಗೆ ಬಂದಿರ್ಲಿಲ್ಲ. ಜಿಪಿಎಸ್ ಅಂದ್ರೆ ಸೋಪಿನ ಡಬ್ಬಿಯಷ್ಟು ದಪ್ಪ, ಎರಡು ಪೆನ್ಸಿಲ್ ಸೆಲ್ಲು, ಅಂಗೈಯಗಲದ ಪರದೆ.

ಬೀಗಿತ್ತಿ ಒಂದು ಅವಕಾಶ ಕೊಟ್ರು. ಒಂದೇ. "ಡಬ್ಬಿ ತೋರಿಸಿದ ದಾರೀಲಿ ಹೋಗ್ಬೇಕು, ಅದೇ ದಾರೀಲಿ ಬರ್ಬೇಕು. ಮಧ್ಯಾಹ್ನದ ಪ್ಯಾಸೆಂಜರ್‌ಗೆ ಯಲಹಂಕದಲ್ಲಿ ಇಳೀಬೇಕು. ಸಾಯಂಕಾಲ ಮಗ ಕಂಪ್ಯೂಟರಲ್ಲಿ ಹಾಕಿ ನೋಡ್ತಾನೆ. ಒಂಚೂರು ಆಚೀಚೆ ಆಗಿದ್ರೂ ಶೂ ಹಳೇ ಪಾತ್ರೆಯವನಿಗೆ." ಆಮೇಲೆ ನನ್ನ ಕಡೆ ನೋಡಿ, "ಜೊತೆಗೆ ಯಾರೂ ಹೋಗೋ ಹಂಗಿಲ್ಲ. ಅದ್ರಲ್ಲೂ ಈ ಬೀಗರು ಹೋಗೋ ಹಂಗೇ ಇಲ್ಲ."

ನನಗೆ ಸಂತೋಷವೇ ಆಯ್ತು. ಇಡೀ ಕುಟುಂಬದಲ್ಲಿ ನನ್ನ ಬೆಲೆ ಗೊತ್ತಿರೋದು ಬೀಗಿತ್ತಿಗೆ ಒಬ್ಬರಿಗೇ.

ಡಬ್ಬಿಗೆ ಮ್ಯಾಪ್ ತುಂಬೋ ಕೆಲಸ ನಂಗೇ ಬಂತು. ಇನ್ಯಾರಿಗೆ ಬರುತ್ತೆ? ಅಂಗಡಿಯಿಂದ ತಂದಾಗ ಅದ್ರಲ್ಲಿ ಇದ್ದದ್ದು ಹೆದ್ದಾರಿ ಅಂತ ಒಂದು ಗೆರೆ, ಯಲಹಂಕ ಅಂತ ಒಂದು ಚುಕ್ಕೆ, ಉಳಿದಿದ್ದೆಲ್ಲ ಬಿಳಿ. ತಣಿಸಂದ್ರ, ಬಾಗಲೂರು ಎಲ್ಲ ಹುಟ್ಟೇ ಇರ್ಲಿಲ್ಲ. ಊರೂರಿನ ಜನ ಸೇರ್ಕೊಂಡು ಬರೆದು ಬಿಟ್ಟಿಯಾಗಿ ಹಂಚೋ ಮ್ಯಾಪು ಇಂಟರ್ನೆಟ್ಟಲ್ಲಿ ಸಿಗುತ್ತೆ ಅಂತ ಅಳಿಯ ಹೇಳಿದ್ದ. ಮಗಳ ಹಳೇ ಕಂಪ್ಯೂಟರ್ ಮುಂದೆ ಕೂತು ಅದನ್ನ ಇಳಿಸಿದೆ. ಅದು ಇಳಿಯೋದ್ರೊಳಗೆ ಅಡುಗೆಮನೇಲಿ ಕುಕ್ಕರ್ ಕೂಗಿ, ಆರಿ, ಊಟಾನೂ ಆಯ್ತು. ಸೆಲ್ಲಿನ ಕೆಳಗೆ ಉಗುರಿನಷ್ಟು ಒಂದು ಕಾರ್ಡು. ನಮ್ಮನೆಯವಳು ಹುಬ್ಬು ಕೀಳೋ ಚಿಮ್ಮಟ ತಗೊಂಡು ಅದನ್ನ ಎಳೆದೆ. ಫೈಲಿನ ಹೆಸರು ಅದು ಕೇಳಿದ ಹಂಗೇ ಇರ್ಬೇಕು, ಇಡಬೇಕಾದ ಜಾಗದಲ್ಲೇ ಇಡಬೇಕು. ಇಲ್ಲಾಂದ್ರೆ ಡಬ್ಬಿ ಮುಖ ಕೊಟ್ಟು ಮಾತಾಡಲ್ಲ, ಥೇಟ್ ನಮ್ಮ ಬೀಗಿತ್ತಿ.

ಮಹಡಿ ಮೇಲೆ ಒಗೆದ ಬಟ್ಟೆಗಳ ಮಧ್ಯೆ ನಿಂತು ಆನ್ ಮಾಡಿದೆ. ಬೀಗರೂ ಪಕ್ಕದಲ್ಲಿದ್ರು. ಉಪಗ್ರಹಗಳು ಒಂದೊಂದಾಗಿ ಸಿಕ್ವು. ಯಲಹಂಕದಲ್ಲಿ ಆಕಾಶದ ಜೊತೆ ನೇರವಾಗಿ ಮಾತಾಡಿದ ಮೊದಲನೇ ಮುದುಕ ನಾನೇ, ಬೇಕಾದ್ರೆ ಬರೆದಿಟ್ಕೊಳ್ಳಿ. ಪರದೆಯನ್ನ ಬಡಗಲಿಗೆ ತಳ್ಕೊಂಡು ಹೋದೆ. ಬಿಳಿ ಜಾಗದಲ್ಲಿ ಬೆಟ್ಟದ ಎತ್ತರ ತೋರಿಸೋ ಕಂದು ಗೆರೆಗಳು ಮೂಡಿದ್ವು, ಕೆರೆ ನೀಲಿ ಆಯ್ತು. ಅದ್ರ ಪಕ್ಕ ಕಪ್ಪಗೆ ರೈಲು ಹಳಿ. ಬೀಗರು ಬೆರಳಿಟ್ರು. ಹಳಿ ಉದ್ದಕ್ಕೂ ಬೆರಳು ಎಳ್ಕೊಂಡು ಹೋಗಿ ಬೆಟ್ಟದ ಹತ್ರ ನಿಲ್ಲಿಸಿದ್ರು.

"ಇದು ನನ್ನ ಲೈನು. ಕರ್ವ್ ಸರಿಯಾಗಿ ಬರೆದಿದ್ದಾರೆ."

ಹಳಿ ಇತ್ತು, ಬೆಟ್ಟ ಇತ್ತು, ಬೆಟ್ಟ ಹತ್ತೋ ದಾರಿ ಮಾತ್ರ ಇರ್ಲಿಲ್ಲ. ಯಾರೂ ಬರೆದಿರ್ಲಿಲ್ಲ. ಬರೀಬೇಕು ಅಂದ್ರೆ ಯಾರಾದ್ರೂ ಡಬ್ಬಿ ಹಿಡ್ಕೊಂಡು ಒಂದ್ಸಲ ಹತ್ತಿ ಇಳೀಬೇಕು. ನಡೆದಲ್ಲೆಲ್ಲ ಅದು ಗೆರೆ ಬರ್ಕೊಳುತ್ತೆ. "ಹೋಗಿ ಬರೆದು ತರ್ತೀನಿ, ಗ್ಯಾರಂಟಿ ನಂದು" ಅಂತ ಬೀಗಿತ್ತಿಗೆ ಮಾತು ಕೊಟ್ಟು ಮುಂದಿನ ವಾರವೇ ಹೊರಟೆ.

ಹತ್ತಿದೆ, ಇಳಿದೆ, ನಡುವೆ ಒಂದ್ಮೂರು ಘಟನೆ ಆದ್ವು. ಬುಡದಲ್ಲೇ ಕನ್ನಡಕದ ಡಬ್ಬಿ ಬೀಳಿಸ್ಕೊಂಡು, ಹುಣಸೆ ಮರದ ಸುತ್ತ ಹುಡುಕ್ದೆ, ಜೇಬಲ್ಲೇ ಇತ್ತು. ಸ್ವಲ್ಪ ಮೇಲೆ ಒಂದು ಕೋತಿ ನನ್ನ ಬಾಳೆಹಣ್ಣಿಗೆ ಅಟ್ಟಿಸ್ಕೊಂಡು ಬಂತು. ಈ ಕಡೆ ಆ ಕಡೆ ಓಡಿ, ಹಣ್ಣು ಎಸೆದು ಪಾರಾದೆ. ಅರ್ಧ ಬೆಟ್ಟದಲ್ಲಿ ಆ ಬಂಡೆ ಹಿಂದಕ್ಕೆ ಹೋಗ್ಬೇಕಾಗಿ ಬಂತು. ಯಾಕೆ ಅಂತ ಕೇಳ್ಬೇಡಿ. ವಯಸ್ಸಾಗಿದೆ.

ಮನೆಗೆ ಬಂದು ಕಂಪ್ಯೂಟರಲ್ಲಿ ಹಾಕಿದ್ರೆ, ಡಬ್ಬಿ ಎಲ್ಲಾನೂ ನಿಯತ್ತಾಗಿ ಬರ್ಕೊಂಡಿದೆ! ಹುಣಸೆ ಮರದ ಹತ್ರ ಜಿಲೇಬಿ, ಕೋತಿ ಹತ್ರ ಅಂಕುಡೊಂಕು, ಬಂಡೆ ಹತ್ರ ಒಂದು ಮೂಗು. ನಮ್ಮನೆಯವಳು ಹಿಂದೆ ನಿಂತು ನೋಡಿ, "ಏನ್ರೀ ಇದು, ಕುಡಿದವನು ಹೋದ ಹಂಗಿದೆ?" ಅಂದ್ಲು.

"ಬೆಟ್ಟಾನೇ ಹಂಗಿದೆ ಕಣೇ."

ಅಳಿಸೋದು ಎರಡು ನಿಮಿಷದ ಕೆಲಸ. ಅಳಿಸ್ಬೇಕು ಅಂತ ಮೌಸ್ ಮೇಲೆ ಕೈ ಇಟ್ಟೆ. ಅಷ್ಟರಲ್ಲಿ ಹತ್ತಿ ಬೋಂಡ ನೆನಪಾಯ್ತು. ಕೊಟ್ಟಿದ್ದನ್ನೆಲ್ಲ ನುಂಗೋ ಮನುಷ್ಯ! ಅಳಿಸ್ಲಿಲ್ಲ. ಅದೂ ಸಾಲ್ದು ಅಂತ ಬಂಡೆ ಹಿಂದೆ ಒಂದು ಗುರುತು ಹಾಕಿದೆ, 'ಸಿಗ್ನಲ್: ಎರಡು ನಿಮಿಷ ನಿಲ್ಲು'. ಹಳಿ ಪಕ್ಕ ಹಳದಿ ಬೋರ್ಡ್ ನೆಟ್ಟಿರ್ತಾರೆ ನೋಡಿದೀರಾ? ಅದು ಕಂಡ ತಕ್ಷಣ ಡ್ರೈವರ್ ಹಾರ್ನ್ ಹೊಡೀಲೇಬೇಕು. ಅಂಥವೇ 'ಶಿಳ್ಳೆ ಹೊಡಿ' ಅನ್ನೋ ಗುರುತುಗಳನ್ನ ದಾರಿ ಉದ್ದಕ್ಕೂ, ಬೆಟ್ಟದ ನೆತ್ತಿವರೆಗೂ ಹಾಕಿದೆ.

ಆ ದಿನ ಬಂತು. ಬೀಗಿತ್ತಿ, ಮಗಳು, ಅಳಿಯ ಎಲ್ಲರೂ ನಮ್ಮನೆಗೇ ಊಟಕ್ಕೆ ಬರೋದು ಅಂತ ಆಗಿತ್ತು. ನಾನು ಬಾಗಲೂರಲ್ಲಿ ಒಬ್ಬರ ಡಿಶ್ ಸರಿ ಮಾಡೋಕಿದೆ ಅಂತ ಹೇಳಿ, ಕತ್ತಲಿರೋವಾಗ್ಲೇ ಬಸ್ ಹಿಡಿದು ಮಾಕಳಿದುರ್ಗಕ್ಕೆ ಹೋಗಿ ಪೊದೆ ಹಿಂದೆ ಕೂತೆ. ಇಂಥಾ ನಾಟಕ ಬರೆದು, ಆಡೋ ದಿನ ನೋಡದೇ ಇರೋಕಾಗುತ್ತಾ?

ಬೀಗರು ಬಂದ್ರು. ಅಟ್ಟದಿಂದ ಇಳಿದ ಶೂಗೆ ಪಾಲಿಶ್ ಆಗಿತ್ತು. ಡಬ್ಬಿಯನ್ನ ಎದೆ ಮಟ್ಟಕ್ಕೆ ಹಿಡ್ಕೊಂಡು ಹುಣಸೆ ಮರದ ಸುತ್ತ ಜಿಲೇಬಿ ಸುತ್ತಿದ್ರು, ಒಂದು ಎಳೆಯೂ ಬಿಡದೆ. ಗುರುತು ಬಂದಲ್ಲಿ ನಿಂತು, ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ! ಮೇಕೆ ಮೇಯಿಸ್ತಿದ್ದ ಅಜ್ಜಿ ಒಬ್ಬಳು "ಯಾರ್ಗಪ್ಪಾ ಇಂಗೆ ಶಿಳ್ಳೆ ಒಡೀತೀಯಾ, ವಯಸ್ಸಾದೋನು?" ಅಂತ ಬೈದಳು. ಅವರು ಅವಳಿಗೆ ಕೈ ಮುಗಿದು ಮುಂದಕ್ಕೆ ಹೋದ್ರು. ಕೋತಿ ಓಡಿಸಿದ ಜಾಗದಲ್ಲಿ ಕೋತಿ ಇಲ್ಲದೇನೇ ಈ ಕಡೆ ಆ ಕಡೆ, ಈ ಕಡೆ ಆ ಕಡೆ. ನಾನು ಪೊದೆಯಿಂದ ಪೊದೆಗೆ ಹಿಂದೆ ಹಿಂದೆ ಹೋಗ್ತಾ, ಟವಲ್ ಬಾಯಿಗೆ ತುರುಕ್ಕೊಂಡು ನಕ್ಕೆ.

ಬಂಡೆ ಹತ್ರ ಬರೋಷ್ಟರಲ್ಲಿ ನನ್ನ ಕಣ್ಣು ವಾಚಿನ ಮೇಲೆ ಬಿತ್ತು. ನಗು ಅಲ್ಲೇ ನಿಂತೋಯ್ತು. ಜಿಲೇಬಿ, ಅಂಕುಡೊಂಕು, ಶಿಳ್ಳೆ, ಸಿಗ್ನಲ್ಲು. ಒಂದೊಂದೂ ಟೈಮ್ ತಿಂದಿದೆ. ಇಳಿಯೋವಾಗ ಇನ್ನೊಂದ್ಸಲ ತಿನ್ನುತ್ತೆ. ಮಧ್ಯಾಹ್ನದ ಪ್ಯಾಸೆಂಜರ್ ತಪ್ಪಿದ್ರೆ ಸಂಜೆವರೆಗೂ ಗಾಡಿ ಇಲ್ಲ. ಶೂ ಹಳೇ ಪಾತ್ರೆಯವನಿಗೆ. ಆಮೇಲೆ ಸಾಯೋವರೆಗೂ ಪಾರ್ಕು.

ಪೊದೆಯಿಂದ ಎದ್ದು ಬಂಡೆ ಹಿಂದಕ್ಕೆ ಓಡಿದೆ. ಬೀಗರು ಅಲ್ಲಿ ಕತ್ತಾಳೆ ನೋಡ್ತಾ ನಿಂತಿದ್ರು. ನನ್ನ ನೋಡಿ ಬೆಚ್ಚಲೂ ಇಲ್ಲ.

"ಲೈನ್ ಮೇಲೆ ಜನ ಬರಬಾರ್ದು ಬೀಗ್ರೇ."

"ಅಯ್ಯೋ, ಇಲ್ಲೇನೂ ಇಲ್ಲ ಕಣ್ರೀ! ನಾನು ಅವತ್ತು ಒಂದಕ್ಕೆ ಬಂದಿದ್ದೆ. ನಡೀರಿ, ಲೇಟಾಗುತ್ತೆ."

ಅವರು ಡಬ್ಬಿ ನೋಡಿದ್ರು, ನನ್ನ ನೋಡಿದ್ರು. "ಎರಡು ನಿಮಿಷ ಅಂತ ಹಾಕಿದೀರ. ಒಂದಕ್ಕೆ ಎರಡು ನಿಮಿಷ ಬೇಕಾಯ್ತಾ? ಡಾಕ್ಟರಿಗೆ ತೋರಿಸ್ಕೊಳ್ಳಿ."

"ತಮಾಷೆ ಆಮೇಲೆ. ಇಳಿಯೋವಾಗ ಇವೆಲ್ಲ ಬಿಟ್ಟು ನೇರ ಇಳಿದುಬಿಡಿ."

"ಬಿಡೋಕಾಗುತ್ತಾ? ಸಾಯಂಕಾಲ ಮಗ ಎರಡು ಗೆರೇನೂ ಒಂದ್ರ ಮೇಲೊಂದು ಇಟ್ಟು ನೋಡ್ತಾನೆ. ಆಚೀಚೆ ಆದ್ರೆ ನಮ್ಮನೆಯವರಿಗೆ ಏನ್ ಹೇಳ್ಲಿ? ಬೀಗರು ಒಂದಕ್ಕೆ ಹೋಗಿದ್ರು, ನಾನು ಹೋಗ್ಲಿಲ್ಲ ಅನ್ಲಾ?"

"ಗಾಡಿ ತಪ್ಪುತ್ತೆ ಬೀಗ್ರೇ!"

"ಲೇಟಾದ್ರೆ ಜೋರಾಗಿ ಓಡಿಸಿ ಟೈಮ್ ಮೇಕಪ್ ಮಾಡೋದು ಗೊತ್ತು ನಂಗೆ" ಅಂದ್ರು. ಎರಡು ನಿಮಿಷ ಮುಗಿದಿತ್ತು. ಹೊರಟ್ರು.

ಮೇಲೆ ಹಳೇ ಕೋಟೆ ಗೋಡೆ ಹತ್ರ ಗಾಳಿ ಜೋರು. ಕೆಳಗೆ ಹಳಿ ಹಾವಿನ ಥರ ಬೆಟ್ಟ ಬಳಸಿ ಹೋಗಿತ್ತು. ನಾವು ಹೋಗಿ ನಿಲ್ಲೋದಕ್ಕೂ ಹಿಂದೂಪುರದ ಕಡೆಯಿಂದ ಒಂದು ಗೂಡ್ಸ್ ಗಾಡಿ ಬರೋದಕ್ಕೂ ಸರಿಹೋಯ್ತು. ಬೆಂಕಿಪೊಟ್ಟಣಗಳನ್ನ ದಾರಕ್ಕೆ ಪೋಣಿಸಿದ ಹಾಗೆ, ನಿಧಾನಕ್ಕೆ ತಿರುವಿಗೆ ಬಂತು. ಬೀಗರು ನೆತ್ತಿ ಮೇಲಿನ ಗುರುತಿನ ಪ್ರಕಾರ ಶಿಳ್ಳೆ ಹೊಡೆದ್ರು. ಕೆಳಗಿಂದ ಗಾಡಿ ಉದ್ದಕ್ಕೆ ಹಾರ್ನ್ ಹೊಡೀತು, ಬೆಟ್ಟವೆಲ್ಲ ತಿರುಗಿ ಕೂಗೋ ಹಂಗೆ. ಕೊನೇ ಬೋಗಿ ಮರೆಯಾಗೋವರೆಗೂ ಅವರು ಕದಲ್ಲಿಲ್ಲ.

"ಚಿಕ್ಕದಾಗಿ ಕಾಣ್ತೀವಿ" ಅಂದ್ರು. "ನಾನು ಏನೋ ದೊಡ್ಡದು ಓಡಿಸ್ತಿದೀನಿ ಅನ್ಕೊಂಡಿದ್ದೆ." ಬೇಜಾರಿಂದ ಹೇಳಿದ ಹಂಗಿರ್ಲಿಲ್ಲ. ಮುಖ ಅರಳಿತ್ತು.

ಆಮೇಲೆ ಇಳಿದ್ರು ನೋಡಿ! ನೇರ ಇರೋ ಕಡೆ ಎಕ್ಸ್‌ಪ್ರೆಸ್ಸು, ನನ್ನ ಅಂಕುಡೊಂಕು ಬಂದ ಕಡೆ ಮೆಲ್ಲಗೆ, ಮತ್ತೆ ಎಕ್ಸ್‌ಪ್ರೆಸ್ಸು. ಬಂಡೆ ಹಿಂದೆ ಎರಡು ನಿಮಿಷ ನಿಂತೇ ನಿಂತ್ರು. ನನ್ನ ಮಂಡಿ ಕೈ ಕೊಡ್ತು. ನಾನು ಯೋಚ್ನೆ ಮಾಡಿದೆ, ನಂಗ್ಯಾಕೆ ಗೆರೆ? ಆಂಟೆನಾ ತಿರುಗಿಸಿದವನು, ದಿಕ್ಕು ನನ್ನ ಮೂಗಲ್ಲೇ ಇದೆ. ಅಡ್ಡದಾರೀಲಿ ಸ್ಟೇಷನ್ ಕಡೆ ನೇರ ಇಳಿದ್ರೆ ಅವರಿಗಿಂತ ಮುಂಚೆ ಹೋಗಿ ಬೆಂಚಿನ ಮೇಲೆ ಕೂತಿರ್ಬಹುದು.

ಇಳಿದೆ. ಲಂಟಾನದ ಪೊದೆಗೆ ಹೋಗಿ ಸಿಕ್ಕೊಂಡೆ. ಬಲಕ್ಕೆ ಹೋದ್ರೆ ಲಂಟಾನ, ಎಡಕ್ಕೆ ಹೋದ್ರೆ ಲಂಟಾನ. ಪಂಚೆ ಒಂದು ಮುಳ್ಳಿಗೆ, ಟವಲ್ ಇನ್ನೊಂದಕ್ಕೆ. ಎಲ್ಲಿದೀನಿ ಅನ್ನೋದೇ ಗೊತ್ತಾಗ್ಲಿಲ್ಲ. ಕೊನೆಗೆ ದೂರದಲ್ಲಿ ಬೀಗರ ಶಿಳ್ಳೆ ಕೇಳಿಸ್ತು. ನಾನೇ ಹಾಕಿದ್ದ ಕೊನೇ ಗುರುತು, ಬುಡದ ಹುಣಸೆ ಮರದ್ದು. ಆ ಸದ್ದು ಹಿಡ್ಕೊಂಡು ನುಗ್ಗಿ, ಹಳಿ ಹತ್ರ ಬಂದು, ಪ್ಲಾಟ್‌ಫಾರಂ ಹತ್ತೋದ್ರೊಳಗೆ ಪ್ಯಾಸೆಂಜರ್ ಹೊರಟಾಗಿತ್ತು. ಬಾಗಿಲಲ್ಲಿ ಬೀಗರು ನಿಂತಿದ್ರು.

"ಬೀಗ್ರೇ, ಚೈನ್ ಎಳೀರಿ!"

"ನಾನಾ? ಚೈನಾ?" ಅಂದ್ರು ಆ ಮನುಷ್ಯ. ಅಷ್ಟು ನೋವಾಗಿದ್ದನ್ನ ನಾನು ನೋಡೇ ಇರ್ಲಿಲ್ಲ. ಗಾಡಿ ಹೋಯ್ತು.

ಆಟೋ, ಬಸ್ಸು ಅಂತ ನಾನು ಮನೆ ಸೇರೋಷ್ಟರಲ್ಲಿ ಸಂಜೆ ಕಾಫಿ ಆಗ್ತಾ ಇತ್ತು. ಬಾಗಿಲಲ್ಲೇ ನಮ್ಮನೆಯವಳು.

"ಬಾಗಲೂರಲ್ಲಿ ಡಿಶ್ ಸರಿ ಹೋಯ್ತೇನ್ರೀ?" ಅಂತ ನನ್ನ ಪಂಚೆಯಿಂದ ಮುಳ್ಳು ಕಿತ್ತಳು.

ಒಳಗೆ ಬೀಗರು ಚಕ್ಕುಲಿ ತಿಂತಾ ಕೂತಿದ್ರು. ನಾನೆಲ್ಲಿ ಅಂತ ಮಧ್ಯಾಹ್ನ ಕೇಳಿದ್ದಕ್ಕೆ, "ಬೀಗರು ಲೈನ್ ಬಿಟ್ರು" ಅಂತ ಅಷ್ಟೇ ಹೇಳಿದ್ರಂತೆ. ಅಳಿಯ ಕಂಪ್ಯೂಟರಲ್ಲಿ ಎರಡು ಗೆರೇನೂ ಒಂದ್ರ ಮೇಲೊಂದು ಇಟ್ಟಿದ್ದ. ಎರಡು ಅಂತ ಗೊತ್ತೇ ಆಗ್ತಿರ್ಲಿಲ್ಲ. ಬೀಗಿತ್ತಿ ಕನ್ನಡಕ ಏರಿಸ್ಕೊಂಡು ಬುಡದಿಂದ ನೆತ್ತಿವರೆಗೂ ನೋಡಿ, "ಸರಿ. ಶೂ ಕೆಳಗೇ ಇರ್ಲಿ" ಅಂದ್ರು. ಬೀಗರು ಚಕ್ಕುಲಿ ಮುರಿಯೋದನ್ನ ನಿಲ್ಲಿಸಿ ಒಂದು ದೊಡ್ಡ ಉಸಿರು ಬಿಟ್ರು. ಅಷ್ಟು ದೊಡ್ಡದು ಬೆಟ್ಟ ಹತ್ತೋವಾಗ್ಲೂ ಬಿಟ್ಟಿರ್ಲಿಲ್ಲ.

ಅಲ್ಲಿಗೆ ಮುಗೀಬೇಕಿತ್ತು. ಬೀಗಿತ್ತಿ ಬಂಡೆ ಹತ್ರದ ಮೂಗಿನ ಮೇಲೆ ಬೆರಳಿಟ್ರು. "ಇದೇನಿದು, ಇಲ್ಲಿ ಆಚೆ ಹೋಗಿ ಬಂದಿದೆಯಲ್ಲ?"

"ಬೀಗರನ್ನ ಕೇಳಿ, ಅವರು ಬರೆದ ಲೈನು" ಅಂದ್ರು ನಮ್ಮ ಬೀಗರು, ಚಕ್ಕುಲಿ ಕಡೆ ನೋಡ್ತಾ.

ಬೀಗಿತ್ತಿ ಎದುರಿಗೆ, ಮಗಳ ಎದುರಿಗೆ ಏನ್ ಹೇಳೋದು? "ಅದು... ವ್ಯೂ ಪಾಯಿಂಟು" ಅಂದೆ.

"ಓ, ಹೌದಾ ಮಾವ?" ಅಂದ ಅಳಿಯ, ಪಾಪ ಒಳ್ಳೇ ಹುಡುಗ. ಆ ಗೆರೆಯನ್ನ, 'ವ್ಯೂ ಪಾಯಿಂಟ್' ಅನ್ನೋ ಗುರುತಿನ ಸಮೇತ, ಅವತ್ತೇ ಆ ಬಿಟ್ಟಿ ಮ್ಯಾಪಿಗೆ ಏರಿಸಿಬಿಟ್ಟ. ಅಲ್ಲಿಂದ ಯಾರ್ಯಾರ ಡಬ್ಬಿಗೆ ಹೋಯ್ತೋ, ಯಾರ್ಯಾರ ಫೋನಿಗೆ ಬಂತೋ.

ನನ್ನ ಚಪ್ಪಲಿ ಅಟ್ಟಕ್ಕೆ ಹೋಯ್ತು, ಅದನ್ನ ಹೇಳೋದು ಮರೆತೆ. ಬೀಗಿತ್ತಿ ತೀರ್ಪು: ಇನ್ಮೇಲೆ ಈ ಬೀಗರು ಬೆಟ್ಟಕ್ಕೆ ಹೋದ್ರೆ ನಮ್ಮೆಜಮಾನರ ಜೊತೆಗೇ ಹೋಗ್ಬೇಕು, ಡಬ್ಬಿ ನಮ್ಮೆಜಮಾನರ ಕೈಲಿರ್ಬೇಕು. ಹಂಗೇ ಎಷ್ಟೋ ಬೆಟ್ಟ ಹತ್ತಿದ್ವಿ. ಡಬ್ಬಿ ಹೋಗಿ ಎಲ್ಲರ ಕೈಗೂ ಫೋನ್ ಬಂದ ಕಾಲದಲ್ಲಿ ಒಂದ್ಸಲ ಮತ್ತೆ ಮಾಕಳಿದುರ್ಗಕ್ಕೆ ಹೋದ್ರೆ, ಬಂಡೆ ಹಿಂದೆ ಕಾಲೇಜು ಹುಡುಗ್ರ ಗುಂಪು ನಿಂತು ಕತ್ತಾಳೆ ಫೋಟೋ ತೆಗೀತಾ ಇತ್ತು.

"ಬನ್ನಿ ಅಂಕಲ್, ಇದು ವ್ಯೂ ಪಾಯಿಂಟು" ಅಂದ ಒಬ್ಬ.

ನಾನು ಬಾಯಿ ಬಿಡೋದ್ರೊಳಗೆ ಬೀಗರು ಗಂಭೀರವಾಗಿ, "ಹೌದಪ್ಪಾ. ಎರಡು ನಿಮಿಷ ನಿಲ್ಬೇಕು ಇಲ್ಲಿ. ದೊಡ್ಡವರು ಮಾಡಿಟ್ಟ ಪದ್ಧತಿ" ಅಂದ್ರು. ಎಲ್ಲರೂ ನಿಂತ್ರು. ನಾನೂ ನಿಂತೆ.

ಈಗ ಮಾತು ಉಳಿಸ್ಕೊಳ್ತೀನಿ. ನೀವು ಬಂಡೆ ವಿಷ್ಯ ಸುಳ್ಳು ಅಂತಿದೀರ, ಅಲ್ವಾ? ಅದು ನಿಜ. ಹತ್ತಿ ಬೋಂಡ ನಿಜ, ಶಿಳ್ಳೆ ನಿಜ, ಅಟ್ಟದ ಮೇಲೆ ಚಪ್ಪಲಿ ನಿಜ. ಸುಳ್ಳು ಆ ಹಾರ್ನು. ಬೀಗರು ಬೆಟ್ಟದ ಮೇಲಿಂದ ಶಿಳ್ಳೆ ಹೊಡೆದಾಗ ಕೆಳಗಿನ ಗಾಡಿ ಏನೂ ಅನ್ಲಿಲ್ಲ. ಅಷ್ಟು ಎತ್ತರದಿಂದ ಯಾರಿಗೆ ಕೇಳಿಸುತ್ತೆ? ಸುಮ್ನೆ ತಿರುವು ಸುತ್ತಿ ಹೋಯ್ತು. ಅವರು ಕಿವಿ ಕೊಟ್ಟು ನಿಂತೇ ಇದ್ರು. ಉತ್ತರ ಬರಬೇಕಿತ್ತು ಅನ್ನಿಸ್ತು, ಅದಕ್ಕೆ ನಾನೇ ಹಾಕಿದೆ.

ಇದನ್ನ ಬರೆದಾದ್ಮೇಲೆ ಬೀಗರಿಗೆ ಓದಿ ಹೇಳಿದೆ. ಹಾರ್ನ್ ಬಂದ ಕಡೆ ಕಣ್ಣು ಮುಚ್ಚಿ ಕೇಳಿಸ್ಕೊಂಡ್ರು.

"ಅಷ್ಟು ಉದ್ದಕ್ಕೆ ಹೊಡಿಯಲ್ಲ ಬೀಗ್ರೇ" ಅಂದ್ರು. "ಆದ್ರೂ ಇರ್ಲಿ ಬಿಡಿ."